ಕೈ ಎತ್ತಿದವನು ಗೋಳಿಬಜೆ ಕೊಡಿಸಬೇಕು

ಅಥವಾ ಹಣಮಂತ ಶೂಟಿಂಗ್ ಸಾಲಿನಲ್ಲಿ ಎಡದಿಂದ ಮೂರನೆಯವನಾಗಿದ್ದನೋ ಏನೋ. ನಾಲ್ಕನೆಯವನು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಮೊನ್ನೆ ಕುಳಿತು ಆ ಬೆಳಿಗ್ಗೆಯ ನಕ್ಷೆಯನ್ನು ಪೆನ್ಸಿಲಿನಲ್ಲಿ ಬಿಡಿಸಿದಾಗ ನಾಲ್ಕನೆಯ ಜಾಗದ ಮೇಲೆ ಗೇರುಮರದ ನೆರಳು ಬಿತ್ತು. ಹಣಮಂತನ ಬೆನ್ನ ಮೇಲೆ ನೆರಳಿರಲಿಲ್ಲ, ಬಿಸಿಲಿತ್ತು. ಇದು ನನಗೆ ಖಚಿತ. ಖಚಿತ ಎಂದು ಬರೆದ ತಕ್ಷಣ ಆ ಬಿಸಿಲು ಬೇರೆ ಯಾವುದೋ ದಿನದ್ದು ಅನಿಸತೊಡಗಿತು.

ಪೊಲೀಸ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ, ಅದರಲ್ಲೂ ಮುಂದೆ ರೈಫಲ್ ಕಲಿಸಲಿರುವವರಿಗೆ, ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಕಲಿಸಿದ್ದು ಮುಖ್ಯವಾಗಿ ಒಂದೇ ವಿಷಯ. ಹೊಡೆಯುತ್ತಿರುವಾಗ ರೈಫಲ್ ನಿಂತುಹೋದರೆ ಬೇಗ ಸರಿಮಾಡಿ ಮತ್ತೆ ಹೊಡೆಯುವುದು ಹೇಗೆ ಎಂಬುದು. ನಿಂತುಹೋಗುವುದಕ್ಕೆ ಸ್ಟಾಪೇಜ್ ಎನ್ನುತ್ತೇವೆ. ಕಲಿಸುವವನನ್ನು ಉಸ್ತಾದ್ ಎನ್ನುತ್ತಾರೆ. ನನ್ನ ಹೆಸರು ಈಗ ಉದ್ಯಾವರದಲ್ಲಿ ನೆಂಟರಿಗೆ ಮಾತ್ರ ಗೊತ್ತು, ಉಳಿದವರಿಗೆ ನಾನು ಇನ್ನೂ ಉಸ್ತಾದ್. ಯಾರಾದರೂ ಬಸ್ಸಿನಲ್ಲಿ ಹಾಗೆ ಕರೆದರೆ ಈಚೆಗೆ ನಾನು ತಕ್ಷಣ ತಿರುಗುವುದಿಲ್ಲ.

ಕಲಿಸುವ ಮೊದಲು ನಾನೇ ಕಲಿತದ್ದು ಕಾಪುವಿನಲ್ಲಿ, ಒಂದು ದಡ್ಡ ಕೆಲಸ ಮಾಡಿ. ಸಮುದ್ರದ ಪಕ್ಕದ ಕಾವಲಿನಲ್ಲಿ ನನ್ನನ್ನು ಹಾಕಿದ್ದರು. ಅಲ್ಲಿಯ ಉಪ್ಪುಗಾಳಿಗೆ ಬೆಳಿಗ್ಗೆ ಒರೆಸಿಟ್ಟ ಕಬ್ಬಿಣ ಸಂಜೆಗೆ ಕೆಂಪಾಗುತ್ತಿತ್ತು. ಇಲಾಖೆಯ ಎಣ್ಣೆ ಬರುವುದು ತಡವಾಯಿತೆಂದು ನಾನು ಮನೆಯಿಂದ ತೆಂಗಿನೆಣ್ಣೆ ತಂದು ರೈಫಲಿಗೆ ಹಚ್ಚಿದೆ. ಚೆನ್ನಾಗಿಯೇ ಹೊಳೆಯಿತು. ಆಮೇಲೆ ಅದನ್ನು ಕಾರ್ಕಳದ ಕಡೆ, ಹಳೆಯ ಕಲ್ಲುಕೋರೆಯಲ್ಲಿ ಮಾಡಿದ್ದ ನಮ್ಮ ಶೂಟಿಂಗ್ ಜಾಗಕ್ಕೆ ಒಯ್ದೆ. ಕೋರೆಯ ಧೂಳೆಲ್ಲ ಎಣ್ಣೆಗೆ ಮೆತ್ತಿ ಅಂಟಾಗಿ, ಎರಡು ರೌಂಡಿಗೊಮ್ಮೆ ರೈಫಲ್ ನಿಂತಿತು.

ಬಂದೂಕು ರಿಪೇರಿ ನೋಡಿಕೊಳ್ಳುತ್ತಿದ್ದವರು ಎಲ್ಲೂರಿನ ಶೇಖರಣ್ಣ. ರೈಫಲನ್ನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು.

"ಇದು ಯಾರ ಮದುಮಗಳು ಮಾರಾಯ? ತಲೆಗೆ ಎಣ್ಣೆ ಹಾಕಿ ಕಳಿಸಿದ್ದಾರೆ. ಮಲ್ಲಿಗೆ ಎಲ್ಲುಂಟು?"

ಆ ವರ್ಷವಿಡೀ ನನ್ನನ್ನು ಮದುಮಗಳು ಎಂದೇ ಕರೆದರು. ಆದರೆ ಕಲಿಸಿದವರೂ ಅವರೇ. ಮೂರು ಹೆಜ್ಜೆ: ಎಳೆ, ನೋಡು, ಸರಿಮಾಡು. ರೈಫಲ್ ನಿಂತರೆ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆ. ಒಳಗೆ ಏನುಂಟು, ಹೊರಗೆ ಬಿದ್ದದ್ದು ಏನು, ನೋಡು. ಹೊಡೆಯದೆ ಉಳಿದ ಪೂರ್ತಿ ರೌಂಡೋ, ಹೊಡೆದು ಖಾಲಿಯಾದ ಕೇಸೋ? ಪೂರ್ತಿ ರೌಂಡಾದರೆ ಮುಂದಿನದ್ದನ್ನು ಹೊಡೆ, ಖಾಲಿ ಕೇಸಾದರೆ ನಳಿಗೆ ನೋಡಿದ ಮೇಲೆ ಮಾತ್ರ.

ಇದಕ್ಕೆ ಒಂದು ವಿನಾಯಿತಿ ಉಂಟು, ಅದನ್ನು ಶೇಖರಣ್ಣ ನಗದೆ ಹೇಳುತ್ತಿದ್ದರು. ಯಾವಾಗಲೂ ಬರುವ ಡಬ್ ಎಂಬ ಶಬ್ದದ ಬದಲು ಟುಸ್ ಎಂದು ಸಣ್ಣ ಶಬ್ದ ಬಂದರೆ ಏನನ್ನೂ ಮುಟ್ಟಬೇಡ, ಕೈ ಎತ್ತು. ಮದ್ದು ಸರಿಯಾಗಿ ಉರಿದಿಲ್ಲ. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದನ್ನು ಹೊಡೆದರೆ ನಳಿಗೆ ಒಡೆಯುತ್ತದೆ.

"ಎಷ್ಟು ಸಲ ನೋಡಿದ್ದೀರಿ?" ಎಂದು ನಾನು ಕೇಳಿದೆ.

"ಒಮ್ಮೆ."

"ಒಮ್ಮೆ ಮಾತ್ರವಾ?"

"ನಿನಗೆ ಎಷ್ಟು ಸಲ ಬೇಕು?"

ಈ ಮಾತುಕತೆ ಹೀಗೇ ನಡೆಯಿತೆಂದು ಆಣೆ ಇಡಲಾರೆ. ಶೇಖರಣ್ಣ ನನ್ನ ನೆನಪಿನಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚು ಚುರುಕಾಗಿ ಮಾತಾಡುತ್ತಿದ್ದಾರೆ. ಅದು ನನಗೆ ಅನುಮಾನ ತರುತ್ತದೆ.

ನಾನು ಉಸ್ತಾದ್ ಆದಮೇಲೆ ಸ್ಟಾಪ್‌ವಾಚ್ ಬಂತು. ಅದಕ್ಕಿಂತ ಮೊದಲು ರೈಫಲ್ ಸರಿಮಾಡಲು ಎಷ್ಟು ಹೊತ್ತಾಯಿತು ಎಂದು ಯಾರೂ ಅಳೆಯುತ್ತಿರಲಿಲ್ಲ, ಸರಿಯಾಯಿತೋ ಇಲ್ಲವೋ ಎಂದು ಮಾತ್ರ ನೋಡುತ್ತಿದ್ದರು. ವರ್ಷಕ್ಕೊಮ್ಮೆ ಬೇರೆ ಬೇರೆ ತಂಡಗಳ ನಡುವೆ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಒಂದು ವಿಭಾಗ ಹೀಗೆ: ಶೂಟರಿಗೆ ಗೊತ್ತಿಲ್ಲದಂತೆ ಅವನ ಮ್ಯಾಗಜಿನ್ನಿನಲ್ಲಿ ಒಂದು ಡಮ್ಮಿ ರೌಂಡ್ ಸೇರಿಸುತ್ತಾರೆ. ರೈಫಲ್ ನಿಲ್ಲುತ್ತದೆ. ಯಾರು ಬೇಗ ಸರಿಮಾಡಿ ಉಳಿದದ್ದನ್ನು ಹೊಡೆಯುತ್ತಾರೋ ಅವರಿಗೆ ಬಹುಮಾನದ ಕಪ್. ನಾವು ಸೋತೆವು. ನಮ್ಮ ಮೇಲಿನ ಇನ್‌ಸ್ಪೆಕ್ಟರ್ ಸಾಹೇಬರು ಒಳ್ಳೆಯ ಮನುಷ್ಯರೇ, ಆದರೆ ಸೋಲನ್ನು ತಮಾಷೆಯಾಗಿ ಹೇಳಿ ಹೇಳಿ ಚುಚ್ಚುವವರು.

"ಉಸ್ತಾದ್, ನಿಮ್ಮವರು ರೈಫಲ್ ಒಳಗೆ ಇಣುಕಿ ಎಂತ ಓದ್ತಾರೆ? ಪೇಪರಾ?"

ಇಣುಕುವುದೇ ತಡ ಎಂದು ನನಗೂ ಅನಿಸಿತು. ಅಳೆದು ನೋಡಿದೆ. ನೋಡುವ ಹೆಜ್ಜೆಗೆ ಒಂದೂವರೆ ಸೆಕೆಂಡು ಹೋಗುತ್ತಿತ್ತು.

ನನ್ನ ಅಪ್ಪ ಬಲೆ ಹೆಣೆಯುವವರು. ತೊಡಕಾದ ಬಲೆಯನ್ನು ಬಿಡಿಸುವಾಗ ಅವರ ಕಣ್ಣು ಬೀದಿಯಲ್ಲಿ ಹೋಗುವವರ ಮೇಲೆ, ಬಾಯಿ ಅವರ ಜೊತೆ ಹರಟೆಯಲ್ಲಿ, ಬೆರಳು ಮಾತ್ರ ಬಲೆಯಲ್ಲಿ ಇರುತ್ತಿತ್ತು. ನೋಡಿ ಬಿಡಿಸುವವನನ್ನು ಕಂಡರೆ ಅವರಿಗೆ ನಗು ಬರುತ್ತಿತ್ತು. ಕೈಗೆ ಬಂದ ವಿದ್ಯೆಗೆ ಕಣ್ಣು ಬೇಡ ಎಂದು ನಾನು ಆ ಜಗಲಿಯಲ್ಲಿ ನಂಬಿದವನು. ಆ ನಂಬಿಕೆಯನ್ನೇ ಕಾರ್ಕಳದ ಕೋರೆಗೆ ತಂದೆ. ಬಲೆ ಸಿಡಿಯುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಎಳೆ, ಹೊಡೆ. ಎರಡೇ ಹೆಜ್ಜೆ. ನೋಡುವುದನ್ನು ತೆಗೆದುಹಾಕಿದೆ.

ಇನ್ನೊಂದು ತಡ ಇತ್ತು. ಶೂಟಿಂಗ್ ಸಾಲಿನಲ್ಲಿ ಒಬ್ಬ ಕೈ ಎತ್ತಿದರೆ ಎಲ್ಲರೂ ನಿಲ್ಲಿಸಿ ರೈಫಲ್ ಕೆಳಗಿಡಬೇಕು. ನಾನು ಹೋಗಿ ನೋಡಬೇಕು. ಹೆಚ್ಚಿನ ಸಲ ಒಂದು ಎಳೆತಕ್ಕೆ ಸರಿಯಾಗುವಂಥದ್ದೇ. ಕೈಗಳು ಮೇಲೇಳುತ್ತ ಇಡೀ ಬೆಳಿಗ್ಗೆ ಹೋಗುತ್ತಿತ್ತು. ಆಗ ನಾನೇ ಒಂದು ಪದ್ಧತಿ ಮಾಡಿದೆ. ಸುಮ್ಮನೆ ಕೈ ಎತ್ತಿದವನು ವಾಪಸ್ ಬರುವಾಗ ಕುಕ್ಕುಂದೂರಿನ ಹೋಟೆಲಿನಲ್ಲಿ ಎಲ್ಲರಿಗೂ ಗೋಳಿಬಜೆ ಕೊಡಿಸಬೇಕು. ಯಾರಿಗೂ ಬೇಸರವಾಗಲಿಲ್ಲ, ಎಲ್ಲರಿಗೂ ಮೋಜು. ನಮ್ಮ ವ್ಯಾನ್ ನಿಂತ ಕೂಡಲೇ ಹೋಟೆಲಿನವರು ಬಾಗಿಲಿಗೆ ಬಂದು ಕೇಳುತ್ತಿದ್ದರು:

"ಇವತ್ತು ಯಾರ ಕೈ?"

ಹಣಮಂತನ ಕೈ ಮೊದಲ ವಾರದಲ್ಲೇ ಎರಡು ಸಲ. ಹಣಮಂತ ನಮ್ಮ ತಂಡದ ಕಾನ್‌ಸ್ಟೇಬಲ್. ಅವನ ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಮಣಿಪಾಲಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಕಟ್ಟುತ್ತಿದ್ದ ಕಟ್ಟಡಗಳ ಪಕ್ಕದ ಶೆಡ್ಡುಗಳಲ್ಲಿ ಬೆಳೆದು, ಓದಿ, ಪೊಲೀಸ್ ಸೇರಿದವನು. ಇಲ್ಲಿಯೇ ಬೆಳೆದರೂ ಮನೆಯ ಕನ್ನಡ ಬಿಟ್ಟಿರಲಿಲ್ಲ. ಮದುವೆಯಾಗಿ ಆಗಷ್ಟೇ ಒಂದು ವರ್ಷ. ಅವನ ದೋಷವೆಂದರೆ, ಆಗ ನಾನು ದೋಷ ಎಂದುಕೊಂಡದ್ದು, ಪ್ರತಿಯೊಂದನ್ನೂ ಬಗ್ಗಿ ನೋಡುವುದು. ಬಿದ್ದ ಖಾಲಿ ಕೇಸನ್ನು ಎತ್ತಿ ತಿರುಗಿಸಿ ನೋಡುತ್ತಿದ್ದ.

ಎರಡನೆಯ ಸಲ ಗೋಳಿಬಜೆ ಹಂಚುವಾಗ ಹೇಳಿದ: "ಉಸ್ತಾದ್ರ, ನಿಮ್ಮೂರ ಬಜಿ ಭಾಳ ರುಚಿ ಐತ್ರಿ. ಆದ್ರ ನಾ ಕೊಡಿಸಿದ್ದು ನನಗ ಖಾರ ಹತ್ತತೈತಿ."

ಎಲ್ಲರೂ ನಕ್ಕರು, ನಾನು ಹೆಚ್ಚು ನಕ್ಕೆ. ಅದಾದ ಮೇಲೆ ಅವನು ಕೈ ಎತ್ತಲಿಲ್ಲ. ಬಗ್ಗಿ ನೋಡುವುದನ್ನೂ ಬಿಟ್ಟ. ತಿಂಗಳೊಳಗೆ ತಂಡದಲ್ಲೇ ವೇಗದವನಾದ. ಸಾಹೇಬರು ಬಂದಾಗ ಅವನನ್ನೇ ಮುಂದೆ ನಿಲ್ಲಿಸಿ ತೋರಿಸಿದೆ.

ಶೇಖರಣ್ಣನಿಗೆ ಇದು ಸರಿ ಕಾಣಲಿಲ್ಲ. "ನೋಡುವುದನ್ನು ಯಾಕೆ ತೆಗೆದದ್ದು? ವಾಪಸ್ ಇಡು ಮಾರಾಯ," ಎಂದರು. ಕೈ ಎತ್ತುವುದಕ್ಕೆ ನಾಚಿಕೆ ಕಟ್ಟಿದ್ದೂ ತಪ್ಪು ಎಂದು ಅವರು ಹೇಳಿದರು ಎಂದು ಬರೆಯಲು ಹೊರಟಿದ್ದೆ. ಹೇಳಿರಲಿಕ್ಕಿಲ್ಲ. ಅವರೂ ಗೋಳಿಬಜೆ ತಿನ್ನುತ್ತಿದ್ದರು. ಆ ಎರಡನೆಯ ಮಾತನ್ನು ನಾನೇ ಆಮೇಲೆ ಅವರ ಬಾಯಲ್ಲಿ ಇಟ್ಟಿರಬೇಕು, ಎಚ್ಚರಿಸಿದವರೊಬ್ಬರು ಇದ್ದರು ಎಂಬ ಸಮಾಧಾನಕ್ಕೆ. ಮೊದಲ ಮಾತಿಗೆ ನಾನು ಕೊಟ್ಟ ಉತ್ತರ ಮಾತ್ರ ನನ್ನದೇ, ಅದರಲ್ಲಿ ಸಂಶಯವಿಲ್ಲ:

"ನಿಮಗೆ ರಿಟೈರ್ ಆಗುವ ಹೊತ್ತಾಯ್ತು ಶೇಖರಣ್ಣ."

ಸ್ಪರ್ಧೆಗೆ ಹತ್ತು ಹನ್ನೆರಡು ದಿನ ಇತ್ತು. ಐದು ಜನ ಸಾಲಾಗಿ ಮಲಗಿ ಹೊಡೆಯುತ್ತಿದ್ದರು. ನಾನು ಹಿಂದೆ ನಿಂತಿದ್ದೆ. ಕಿವಿಯಲ್ಲಿ ಹತ್ತಿ, ಕೈಯಲ್ಲಿ ಸ್ಟಾಪ್‌ವಾಚ್. ಹಣಮಂತನ ರೈಫಲ್ ನಿಂತಿತು. ಅವನು ಎಳೆದ, ಖಾಲಿ ಕೇಸ್ ಹಾರಿ ಬಿತ್ತು, ಅವನು ಹೊಡೆದ. ನಳಿಗೆ ಒಡೆಯಿತು.

ಇಷ್ಟರ ನಡುವೆ ಏನೇನು ಇತ್ತು ಎಂಬುದನ್ನು ಈ ಹನ್ನೊಂದು ವರ್ಷಗಳಲ್ಲಿ ನಾನು ಬೇರೆ ಬೇರೆಯಾಗಿ ನೋಡಿದ್ದೇನೆ. ಒಂದರಲ್ಲಿ ಟುಸ್ ಎಂಬ ಶಬ್ದ ಸ್ಪಷ್ಟವಾಗಿ ಕೇಳುತ್ತದೆ, ನಾನು "ಎಳೆ, ಎಳೆ" ಎಂದು ಕೂಗುತ್ತೇನೆ. ಇನ್ನೊಂದರಲ್ಲಿ ಉಳಿದ ನಾಲ್ಕು ರೈಫಲುಗಳ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಮತ್ತೊಂದರಲ್ಲಿ ಹಣಮಂತ ತಲೆ ತಿರುಗಿಸಿ ನನ್ನನ್ನು ನೋಡುತ್ತಾನೆ. ಮೂರರಲ್ಲೂ ನನಗೆ ಸ್ಟಾಪ್‌ವಾಚಿನ ಮುಳ್ಳು ಕಾಣುತ್ತದೆ. ಆ ವಾಚಿಗೆ ಮುಳ್ಳೇ ಇರಲಿಲ್ಲ, ಅಂಕಿ ಓಡುವ ವಾಚು ಅದು.

ನಳಿಗೆಯ ಅಡಿಯ ಮರದ ಭಾಗ ಚೂರಾಗಿತ್ತು. ಅದರ ಕೆಳಗೆ ಇದ್ದದ್ದು ಅವನ ಎಡಗೈ. ಅವನು ಎದ್ದು ಕುಳಿತು ಕೈಯನ್ನು ನೋಡಲಿಲ್ಲ, ರೈಫಲನ್ನು ನೋಡಿದ.

"ಉಸ್ತಾದ್ರ, ರೈಫಲ್ ಹಾಳಾತ್ರಿ."

ಜೀಪಿನಲ್ಲಿ ಮಣಿಪಾಲಕ್ಕೆ ಒಯ್ದೆವು. ಟವೆಲ್ಲಿನಲ್ಲಿ ಸುತ್ತಿದ ಕೈಯನ್ನು ನಾನು ದಾರಿಯಿಡೀ ಎತ್ತಿ ಹಿಡಿದಿದ್ದೆ. ಆಸ್ಪತ್ರೆಯ ತಿರುವಿನಲ್ಲಿ ಅವನು ಒಂದು ಕಟ್ಟಡದ ಕಡೆ ಗದ್ದ ಎತ್ತಿ, "ಇದರ ಸ್ಲ್ಯಾಬಿಗೆ ನಮ್ಮಪ್ಪ ದುಡದಾನ್ರಿ" ಎಂದ. ನೋವಿನಲ್ಲಿ ಮನುಷ್ಯ ಏನೇನೋ ಹೇಳುತ್ತಾನೆ. ಎರಡು ಬೆರಳು ಹೋದವು, ಮೂರನೆಯದು ಅರ್ಧ ಉಳಿಯಿತು.

ಸಾಹೇಬರು ನನ್ನನ್ನು ಉಡುಪಿಯ ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಹಾಳೆ ಇತ್ತು. ಅವರು ಕೇಳಿದ್ದು ಸ್ವಲ್ಪವೇ.

"ಸಂಶಯ ಬಂದರೆ ಕೈ ಎತ್ತಬೇಕೆಂದು ನಿಯಮ ಉಂಟಲ್ಲ?"

"ಉಂಟು ಸರ್."

"ಅವನು ಎತ್ತಿದನಾ?"

"ಇಲ್ಲ ಸರ್."

"ಸರಿಯಾಗಿ ನೋಡಿದ್ದೀರಾ?"

"ನೋಡಿದ್ದೇನೆ ಸರ್."

"ಹಾಗಾದರೆ ಅಷ್ಟೇ ಬರೆಯಿರಿ. ಉದ್ದ ಬೇಡ."

ಅವರು ಸುಳ್ಳು ಬರೆಯಲು ಹೇಳಲಿಲ್ಲ. ಅವರ ಮೇಲೆ ಹಾಕಿ ಪಾರಾಗುವ ದಾರಿ ನನಗಿಲ್ಲ. ಶಿಕ್ಷಣಾರ್ಥಿಯು ನಿಗದಿತ ಸಂಕೇತವನ್ನು ನೀಡದೆ ಗುಂಡು ಹಾರಿಸಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ, ಎಂದು ಬರೆದು ಸಹಿ ಹಾಕಿದೆ. ನೋಡುವ ಹೆಜ್ಜೆಯನ್ನು ತೆಗೆದದ್ದು ಅದರಲ್ಲಿ ಇರಲಿಲ್ಲ. ಗೋಳಿಬಜೆ ಇರಲಿಲ್ಲ. ಮದ್ದಿಗೆ ತೇವ ಹತ್ತಿತ್ತೋ ಏನೋ ಎಂಬುದನ್ನು ಯಾರೂ ಕೊನೆಗೂ ಕಂಡುಹಿಡಿಯಲಿಲ್ಲ. ಹಣಮಂತನನ್ನು ಆಸ್ಪತ್ರೆಯಲ್ಲೇ ಕೇಳಿದಾಗ "ನಂದೇ ತಪ್ಪರಿ" ಎಂದನಂತೆ. ಅವನ ಸೇವಾ ಪುಸ್ತಕದಲ್ಲಿ ನಿರ್ಲಕ್ಷ್ಯ ಎಂಬ ಒಂದು ಶಬ್ದ ಬಿತ್ತು. ಉಡುಪಿಯಲ್ಲಿ ಫೋನಿನ ಮುಂದೆ ಕೂರುವ ಕೆಲಸ ಕೊಟ್ಟರು.

ಮುಂದಿನ ವಾರವೇ ನಾನು ನೋಡುವುದನ್ನು ವಾಪಸ್ ಇಟ್ಟೆ. ಯಾಕೆ ಎಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕುಕ್ಕುಂದೂರಿನಲ್ಲಿ ವ್ಯಾನ್ ನಿಲ್ಲಿಸುವುದನ್ನು ಬಿಟ್ಟೆವು. ತಪ್ಪು ಎಲ್ಲಿತ್ತೆಂದು ನನಗೆ ಗೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಷ್ಟಕ್ಕೆ ಮುಗಿದಿದ್ದರೂ ಆಗುತ್ತಿತ್ತು. ಆಮೇಲೆ ಬಂದ ಪ್ರತಿ ತಂಡಕ್ಕೂ ನಾನು ಹಣಮಂತನ ಕತೆ ಹೇಳಿದೆ. ನಿವೃತ್ತಿಯವರೆಗೆ, ಎಂಟು ವರ್ಷ. ಒಬ್ಬ ಇದ್ದ, ಅವಸರದವನು, ಕೈ ಎತ್ತಲಿಲ್ಲ, ಬೆರಳು ಕಳೆದುಕೊಂಡ, ನೆನಪಿರಲಿ. ಕತೆ ಒಳ್ಳೆಯ ಪರಿಣಾಮ ಮಾಡುತ್ತಿತ್ತು. ಹೇಳಿ ಹೇಳಿ ಅದಕ್ಕೆ ಒಂದು ಹದ ಬಂದಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನನ್ನ ಎಡಗೈಯ ಬೆರಳು ಮಡಚಿ ತೋರಿಸಬೇಕು ಎಂಬುದು ಗೊತ್ತಿತ್ತು. ನಾಚಿಕೆ ಎಂಬುದು ಆಗಲೇ ಬಂದಿತ್ತೆಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಹುಟ್ಟಬಹುದು. ಬಂದಿರಲಿಲ್ಲ.

ಈ ಬರಹಕ್ಕೆ ಕೇಳಿದಾಗಲೂ ನಾನು ಮೊದಲು ಬರೆದದ್ದು ಅದೇ ಹದದ ಕತೆಯನ್ನೇ. ಹೆಸರು ಹಾಕಬಹುದೇ ಎಂದು ಕೇಳಲು ಉಡುಪಿಯ ಕ್ವಾರ್ಟರ್ಸಿನಲ್ಲಿ ಅವನ ಮನೆಗೆ ಹೋದೆ. ಬಾಗಿಲು ತೆಗೆದವಳು ಅವನ ಹೆಂಡತಿ ರೇಣುಕಾ.

"ಬರ್ರಿ ಉಸ್ತಾದ್ರ," ಎಂದಳು. ಆಮೇಲೆ ಒಳಗೆ ತಿರುಗಿ, "ನೋಡ್ರಿ, ನಿಮ್ಮ ಕತಿ ಹೇಳಾವ್ರು ಬಂದಾರ."

ನಾನು ತರಗತಿಯಲ್ಲಿ ಹೇಳುತ್ತಿದ್ದುದು ಅವರ ಮನೆಯವರೆಗೆ ತಲುಪಿತ್ತು. ತಲುಪದೆ ಇರುತ್ತದೆಯೇ? ನಾನು ಕಲಿಸಿದವರೇ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಫೋನ್ ಎತ್ತುವವರು.

ಹಣಮಂತ ದಪ್ಪವಾಗಿದ್ದ. ಎಡಗೈಯಲ್ಲೇ ಚಹಾದ ಲೋಟ ಹಿಡಿದಿದ್ದ, ನನಗೆ ತೋರಿಸಲಿಕ್ಕಲ್ಲ, ಅಭ್ಯಾಸವಾಗಿತ್ತು. ನಾನು ಬಂದ ಕಾರಣ ಹೇಳಿದೆ. ಅವನು ಕೇಳಿಸಿಕೊಂಡು, ಹಾಳೆ ಕೊಡಿ ಎಂದು ಓದಿದ. ಓದಿ ಮಡಚಿ ಕೊಟ್ಟ.

"ಛಲೋ ಬರದೀರಿ. ನಾ ಕೈ ಎತ್ತಲಿಲ್ಲ ಅಂತ ಬರದೀರಿ."

"ಎತ್ತಿದ್ದೆಯಾ?"

"ಅರ್ಧ ಎತ್ತಿದ್ದೆ ಅನಸ್ತೈತ್ರಿ. ಸದ್ದು ಬ್ಯಾರೆ ಇತ್ತು. ತಿರುಗಿ ನಿಮ್ಮನ್ನ ನೋಡ್ದೆ. ನೀವು ಹಿಂಗ ಮಾಡಿದ್ರಿ." ಬಲಗೈಯ ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ಎರಡು ಸಲ ಒಯ್ದ. ತಿನ್ನುವ ಸನ್ನೆ. ಇವತ್ತು ನಿನ್ನ ಲೆಕ್ಕದಲ್ಲಿ ಗೋಳಿಬಜೆ ಎಂಬ ಸನ್ನೆ. ನಾನು ಅದನ್ನು ಮಾಡುತ್ತಿದ್ದೆ, ನಿಜ. ದಿನಾ ಮಾಡುತ್ತಿದ್ದೆ.

"ಆ ದಿನವೂ ಮಾಡಿದ್ದೆನಾ?"

"ಮಾಡಿದ್ರಿ ಅಂತ ನನ್ನ ಲೆಕ್ಕ. ಬ್ಯಾರೆ ದಿನದ್ದು ಬಂದು ಇದರಾಗ ಕೂತಿದ್ರ ಗೊತ್ತಿಲ್ರಿ." ಲೋಟ ಕೆಳಗಿಟ್ಟ. "ನಾವು ಎತ್ತೋದು ಎಡಗೈ. ಪೂರ್ತಿ ಎತ್ತಿದ್ರ ಅದು ಮ್ಯಾಲ ಇರತಿತ್ತು ಅಲ್ಲೇನ್ರಿ? ಅಲ್ಲಿ ಇರತಿರಲಿಲ್ಲ."

ಒಳಗಿನಿಂದ ರೇಣುಕಾ ಹೇಳಿದಳು, ಈ ವರ್ಷ ಬಡ್ತಿಯ ಪಟ್ಟಿ ಮಾಡುತ್ತಿದ್ದಾರೆ, ಆ ನಿರ್ಲಕ್ಷ್ಯ ಎಂಬ ಶಬ್ದ ಇರುವತನಕ ಇವರ ಹೆಸರು ಬರುವುದಿಲ್ಲ, ಅರ್ಜಿ ಕೊಡಿ ಎಂದರೆ ಕೊಡುವುದಿಲ್ಲ ಎಂದು. ಹಣಮಂತ ಅವಳಿಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ.

"ನಾನು ಬರೆದುಕೊಡ್ತೇನೆ," ಎಂದೆ. "ನೀನು ಕೈ ಎತ್ತಿದ್ದೆ, ನಾನೇ ತಡೆದೆ ಅಂತ ಬರೆದುಕೊಡ್ತೇನೆ. ನಾನು ನೋಡಿದ್ದೇನೆ ಅಂತ."

"ನೋಡೀರೇನ್ರಿ?"

"ಇಲ್ಲ."

"ಹಂಗಾರ ಬರೀಬ್ಯಾಡ್ರಿ. ಒಂದ್ಸಲ ನೋಡದ್ದನ್ನ ನೋಡೀನಿ ಅಂತ ಬರದೀರಿ. ಅದ ಸಾಕು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಕ್ಷಮೆ ಕೇಳಿ ಹಗುರವಾಗಿ ಹೊರಬರುತ್ತಿದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಅವನು ಬಾಗಿಲವರೆಗೆ ಬಂದ. "ಹೆಸರು ಹಾಕ್ರಿ ಉಸ್ತಾದ್ರ, ನನ್ನದೇನೂ ತಕರಾರಿಲ್ಲ. ಖರೇ ಎಷ್ಟು ಐತಿ ಅಷ್ಟ ಬರೀರಿ," ಎಂದ.

ಆ ಹದದ ಕತೆಯನ್ನು ಹರಿದುಹಾಕಿ ಇದನ್ನು ಬರೆದಿದ್ದೇನೆ. ಇದೇ ವಾರ ಕಚೇರಿಗೂ ಒಂದು ಪತ್ರ ಕೊಟ್ಟು ಬಂದೆ. ಸಾಹೇಬರು ಈಗ ಅಲ್ಲಿಲ್ಲ, ಪತ್ರ ತೆಗೆದುಕೊಂಡವರಿಗೆ ನನ್ನ ಪರಿಚಯವಿರಲಿಲ್ಲ. ಅದರಲ್ಲಿ ಗೊತ್ತಿರುವುದನ್ನು ಗೊತ್ತಿದೆ ಎಂದು ಬರೆದಿದ್ದೇನೆ. ನೋಡುವ ಹೆಜ್ಜೆಯನ್ನು ತೆಗೆದವನು ನಾನು. ಕೈ ಎತ್ತಿದವರನ್ನು ನಗೆಗೀಡು ಮಾಡುವ ಪದ್ಧತಿ ತಂದವನು ನಾನು. ಅವನು ಹೊಡೆದ ಗಳಿಗೆಯಲ್ಲಿ ನನ್ನ ಕಣ್ಣು ವಾಚಿನ ಮೇಲಿತ್ತು. ಕಣ್ಣಾರೆ ಕಂಡಿರುತ್ತೇನೆ ಎಂಬ ನನ್ನ ಹೇಳಿಕೆ ಸುಳ್ಳು. ಇವಿಷ್ಟಕ್ಕೆ ಒಬ್ಬನ ಪುಸ್ತಕದಿಂದ ಒಂದು ಶಬ್ದವನ್ನು ತೆಗೆಯುತ್ತಾರೋ ಇಲ್ಲವೋ, ಪತ್ರ ತೆಗೆದುಕೊಂಡವರು ಹೇಳಲಿಲ್ಲ.

ಪತ್ರದಲ್ಲಿ ಬರೆಯದ ಒಂದು ಸಾಲು ಉಳಿಯಿತು. ನಾಲ್ಕು ಸಲ ಬೇರೆ ಬೇರೆಯಾಗಿ ಬರೆದು ಹೊಡೆದು ಹಾಕಿದೆ. ಇಲ್ಲಿ ಬರೆಯುತ್ತೇನೆ. ಹಣಮಂತ ಆ ಬೆಳಿಗ್ಗೆ ನನ್ನ ಕಡೆ ತಿರುಗಿದ್ದನೇ, ಕೈ ಅರ್ಧಕ್ಕೆ ಬಂದಿತ್ತೇ, ನಾನು ಅವನಿಗೆ ಆ ಸನ್ನೆ ಮಾಡಿದೆನೇ, ನನಗೆ ಗೊತ್ತಿಲ್ಲ.